ಮುರಿದ ಕಾಲಿಗೆ ಕೋರ್ಟಿನ ಲೆಕ್ಕ: ಅಪಘಾತ ಪರಿಹಾರದ ಕೇಸುಗಳಿಂದ ಕಲಿತ ಪಾಠಗಳು

ನನ್ನ ವಕೀಲಿಕೆಯ ಬಹುಪಾಲು ನಡೆದದ್ದು ಬೆಂಗಳೂರು–ಪುಣೆ ಹೆದ್ದಾರಿ ಹಾದುಹೋಗುವ ಜಿಲ್ಲೆಯಲ್ಲಿ. ಕಚೇರಿಗೆ ಬರುವವರಲ್ಲಿ ಊರುಗೋಲು ಹಿಡಿದವರು, ಕೈಗೆ ಪಟ್ಟಿ ಕಟ್ಟಿಸಿಕೊಂಡವರೇ ಹೆಚ್ಚು. ಮೋಟಾರು ವಾಹನ ಅಪಘಾತದ ಪರಿಹಾರದ ಕೇಸನ್ನು ಜನ ‘ಎಂ.ವಿ.ಸಿ. ಕೇಸು’ ಎನ್ನುತ್ತಾರೆ. ಸತ್ತವರ ಮನೆಯವರಿಗೆ ಪರಿಹಾರ ಉಂಟೆಂದು ಎಲ್ಲರಿಗೂ ಗೊತ್ತು. ಬದುಕಿ ಉಳಿದು, ಮೊದಲಿನಂತೆ ದುಡಿಯಲಾಗದವರ ಪಾಡು ಅಷ್ಟು ಸುಲಭವಾಗಿ ಕೋರ್ಟಿನ ಕಣ್ಣಿಗೆ ಬೀಳುವುದಿಲ್ಲ. ಕಾಣಿಸುವಂತೆ ಮಾಡಬೇಕು. ಈ ಪಾಠಗಳು ಅವರಿಗಾಗಿ.

1. ಆಸ್ಪತ್ರೆಯಲ್ಲಿ ಬರೆಸುವ ಮೊದಲ ಸಾಲು

ಗಾಯಾಳುವನ್ನು ಸ್ಟ್ರೆಚರ್ ಮೇಲೆ ಮಲಗಿಸಿದ ಕೂಡಲೇ ಡ್ಯೂಟಿ ಡಾಕ್ಟರು ‘ಏನಾಯ್ತು?’ ಎಂದು ಕೇಳುತ್ತಾರೆ. ಜೊತೆಗೆ ಬಂದವರು ಗಾಬರಿಯಲ್ಲಿ ‘ಬೈಕಿಂದ ಬಿದ್ರು ಸಾರ್’ ಅಂದುಬಿಡುತ್ತಾರೆ. ಡಾಕ್ಟರು ಅದನ್ನೇ ಎಂ.ಎಲ್.ಸಿ. (ಮೆಡಿಕೊ-ಲೀಗಲ್ ಕೇಸು) ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಹಿಂದಿನಿಂದ ಗುದ್ದಿದ ಲಾರಿಯ ಮಾತೇ ಅಲ್ಲಿರುವುದಿಲ್ಲ. ವರ್ಷ ಕಳೆದ ಮೇಲೆ ವಿಮಾ ಕಂಪನಿಯ ವಕೀಲರು ಅದೇ ಪುಟವನ್ನು ತರಿಸಿ, ಪಾಟೀ ಸವಾಲಿನಲ್ಲಿ ಮುಂದಿಡುತ್ತಾರೆ: ‘ನೀವೇ ಬಿದ್ದಿದ್ದು, ಲಾರಿಯನ್ನು ಆಮೇಲೆ ಸೇರಿಸಿದ್ದು ಅಂದರೆ ಸರಿಯೇ?’

ಆ ಹೊತ್ತಿನಲ್ಲಿ ಹೇಳಬೇಕಾದದ್ದು ಇಷ್ಟೆ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಾಹನ, ಹೇಗೆ ಗುದ್ದಿತು. ನಂಬರ್ ಗೊತ್ತಿದ್ದರೆ ಹೇಳಿ. ಇಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಸಾಧ್ಯವಾದರೆ ಏನು ಬರೆದರೆಂದು ಕೇಳಿ ತಿಳಿದುಕೊಳ್ಳಿ.

ಕರೆತಂದವರು ಹೆಸರು ಹೇಳಲು ಹೆದರಿ ಹೊರಟುಹೋಗುವುದೂ ಇದೆ. ಹೆದರಬೇಕಾಗಿಲ್ಲ. ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸಬಾರದೆಂದು ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ. ಈಗ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ.

2. ‘ಕಂಪ್ಲೇಂಟ್ ಬೇಡ, ನಾನೇ ನೋಡ್ಕೋತೀನಿ’

ಗುದ್ದಿದವರು ಒಳ್ಳೆಯವರೇ ಇರಬಹುದು. ತಾವೇ ಆಸ್ಪತ್ರೆಗೆ ಸೇರಿಸುತ್ತಾರೆ, ಮುಂಗಡ ಕಟ್ಟುತ್ತಾರೆ, ‘ಕೇಸು ಗೀಸು ಬೇಡ’ ಎಂದು ಕೈಮುಗಿಯುತ್ತಾರೆ. ಮೊದಲ ಆಪರೇಷನ್ನಿನ ತನಕ ಫೋನ್ ಎತ್ತುತ್ತಾರೆ. ಎರಡನೆಯದು ಬೇಕೆಂದು ಡಾಕ್ಟರು ಹೇಳಿದ ದಿನದಿಂದ ಎತ್ತುವುದಿಲ್ಲ. ಅಷ್ಟರಲ್ಲಿ ತಿಂಗಳುಗಳು ಉರುಳಿರುತ್ತವೆ, ರಸ್ತೆಯಲ್ಲಿ ಬ್ರೇಕಿನ ಗುರುತೂ ಇಲ್ಲ, ಕಂಡವರೂ ಇಲ್ಲ.

ನಾನು ಎರಡೂ ಕಡೆಯವರಿಗೆ ಹೇಳುವ ಮಾತು ಒಂದೇ. ವಾಹನಕ್ಕೆ ಚಾಲ್ತಿಯ ವಿಮೆ ಇದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ. ದೂರು ಕೊಟ್ಟರೆ ಮಾಲೀಕರ ಮನೆ ಹರಾಜಾಗುತ್ತದೆ ಎಂಬ ಭಯಕ್ಕೆ ಕಾರಣವಿಲ್ಲ. ಚಾಲಕನ ಮೇಲೆ ಕ್ರಿಮಿನಲ್ ಕೇಸು ಆಗುತ್ತದೆ, ನಿಜ. ಅದನ್ನು ತಪ್ಪಿಸಲು ಗಾಯಾಳುವಿನ ಇಡೀ ಬದುಕಿನ ದುಡಿಮೆಯನ್ನು ಬಿಟ್ಟುಕೊಡುವುದು ನ್ಯಾಯವಲ್ಲ.

ದೂರು ತಡವಾದ ಮಾತ್ರಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮೊದಲು ಜೀವ ಉಳಿಸಿಕೊಳ್ಳುವುದು ಮನುಷ್ಯ ಸಹಜ ಎಂಬುದನ್ನು ಅದು ಒಪ್ಪಿದೆ. ಆದರೆ ತಡ ಏಕಾಯಿತೆಂಬುದಕ್ಕೆ ಆಸ್ಪತ್ರೆಯ ದಾಖಲೆಯಂಥ ಉತ್ತರ ಕೈಯಲ್ಲಿರಬೇಕು.

ಇನ್ನೊಂದನ್ನು ಗಟ್ಟಿಯಾಗಿ ಹೇಳಲೇಬೇಕು. ಗುದ್ದಿದ ಗಾಡಿ ಸಿಗಲಿಲ್ಲವೆಂದು ವಿಮೆ ಇರುವ ಪರಿಚಯದವರ ಗಾಡಿಯನ್ನು ‘ನಿಲ್ಲಿಸುವ’ ಸಲಹೆ ಕೊಡುವವರಿದ್ದಾರೆ. ಅದು ಅಪರಾಧ. ಸಿಕ್ಕಿಬಿದ್ದರೆ ಗಾಯಾಳುವೇ ಆರೋಪಿ. ಸಿಕ್ಕಿಬೀಳದಿದ್ದರೂ ಅಂಥ ಒಂದೊಂದು ಕೇಸೂ ಮುಂದೆ ಬರುವ ನಿಜವಾದ ಗಾಯಾಳುಗಳ ಮೇಲೆ ಅನುಮಾನ ಹೇರುತ್ತದೆ. ಅದನ್ನು ಕೋರ್ಟಿನ ಹಾಲಿನಲ್ಲಿ ನಿತ್ಯ ನೋಡುತ್ತೇನೆ.

3. ಆರು ತಿಂಗಳು

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಬಂದು, 2022ರ ಏಪ್ರಿಲ್ 1ರಿಂದ ಜಾರಿಯಾದ 166(3)ನೇ ಕಲಮಿನ ಪ್ರಕಾರ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. 1994ರಿಂದ ಅಲ್ಲಿಯವರೆಗೆ ಇಂಥ ಗಡುವು ಇರಲಿಲ್ಲ. ಅದರ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಗಡುವು ಮೀರಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಆಯಿತು. ಮಧ್ಯಂತರ ಆದೇಶವನ್ನು ನಂಬಿ ಕೂರಬೇಡಿ. ಮೂಳೆಗೆ ಹಾಕಿದ ಪ್ಲೇಟು ತೆಗೆಸಿ ಆಮೇಲೆ ನೋಡೋಣ ಎನ್ನುವವರು ಮೊದಲು ಅರ್ಜಿ ಹಾಕಿ, ಚಿಕಿತ್ಸೆ ಮುಂದುವರಿಸಿ.

ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ನೀವು ವಾಸವಿರುವ ಊರಿಗೆ ಸಂಬಂಧಿಸಿದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಕೊಲ್ಹಾಪುರದ ಹತ್ತಿರ ಅಪಘಾತವಾದ ನಮ್ಮ ಕಡೆಯ ಲಾರಿ ಕ್ಲೀನರ್ ಕುಂಟುತ್ತ ಅಲ್ಲಿಗೇ ಅಲೆಯಬೇಕಾಗಿಲ್ಲ.

4. ಮೂಳೆ ಕೂಡಿದರೂ ಕೆಲಸ ಕೂಡುವುದಿಲ್ಲ

ಇಷ್ಟು ವರ್ಷಗಳಲ್ಲಿ ಕಲಿತದ್ದರಲ್ಲಿ ಇದೇ ದೊಡ್ಡದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ನ್ಯಾಯಮಂಡಳಿಗಳಲ್ಲಿ ಒಂದು ರೂಢಿ ಬೇರೂರಿದೆ. ಡಾಕ್ಟರು ಬಂದು ಕಾಲಿನ ಅಂಗವೈಕಲ್ಯ ಶೇ. 30 ಎನ್ನುತ್ತಾರೆ. ಅದರ ಮೂರನೇ ಒಂದು ಭಾಗ, ಅಂದರೆ ಶೇ. 10, ಇಡೀ ದೇಹದ ವೈಕಲ್ಯವೆಂದು ಲೆಕ್ಕವಾಗುತ್ತದೆ. ಆ ಶೇ. 10ನ್ನೇ ದುಡಿಮೆಯ ನಷ್ಟವೆಂದು ಗುಣಿಸಿಬಿಡುತ್ತಾರೆ. ಲೆಕ್ಕ ಅಚ್ಚುಕಟ್ಟಾಗಿ ಮುಗಿಯುತ್ತದೆ, ಮನುಷ್ಯ ಮಾತ್ರ ಅದರಿಂದ ಹೊರಗುಳಿಯುತ್ತಾನೆ.

ಗಾರೆ ಕೆಲಸದವರೊಬ್ಬರ ಕೇಸು ಹೇಳುತ್ತೇನೆ. ಮೊಣಕಾಲಿನ ಕೆಳಗೆ ಮೂಳೆ ಮುರಿದು, ರಾಡು ಹಾಕಿ, ಕೂಡಿತ್ತು. ಎಕ್ಸ್‌ರೇ ಚೆನ್ನಾಗಿತ್ತು. ಮಂಡಿ ಮಾತ್ರ ಪೂರ್ತಿ ಮಡಚುತ್ತಿರಲಿಲ್ಲ. ವಿಮಾ ಕಂಪನಿಯ ವಕೀಲರು ಡಾಕ್ಟರನ್ನು ಕೇಳಿದರು: ‘ಮೂಳೆ ಕೂಡಿದೆಯಲ್ಲವೇ? ಆಸರೆ ಇಲ್ಲದೆ ನಡೆಯುತ್ತಾರಲ್ಲವೇ?’ ಡಾಕ್ಟರು ಹೌದೆಂದರು. ಅದು ಸತ್ಯವೇ.

ನಾವು ಅವರ ಮೇಸ್ತ್ರಿಯನ್ನು ಸಾಕ್ಷಿ ಕಟ್ಟೆಗೆ ಕರೆಸಿದೆವು. ಪ್ಲಾಸ್ಟರಿಂಗ್ ಕೆಲಸದಲ್ಲಿ ದಿನವಿಡೀ ಏನೇನು ಮಾಡುತ್ತಾರೆಂದು ಅವರ ಬಾಯಿಂದಲೇ ಹೇಳಿಸಿದೆವು. ಸಾರುವೆ ಹತ್ತಬೇಕು, ಕಟ್ಟಿದ ಹಲಗೆಯ ಮೇಲೆ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ವಾಲಬೇಕು, ಕರಣೆಯಿಂದ ಗಾರೆ ಬೀಸಿ ಹೊಡೆಯಬೇಕು, ಗೋಡೆಯ ಬುಡಕ್ಕೆ ಬಂದಾಗ ಕುಕ್ಕರಗಾಲಲ್ಲಿ ಕೂತು ಉಜ್ಜಬೇಕು. ‘ಈಗ ಕೆಲಸಕ್ಕೆ ಕರೀತೀರಾ?’ ಅಂದೆ. ‘ಹೆಂಗೆ ಕರೀಲಿ ಸ್ವಾಮಿ, ಮೇಲಿಂದ ಬಿದ್ರೆ ಆ ಪಾಪ ನಂಗೆ ಸುತ್ಕೊಳ್ಳುತ್ತೆ’ ಅಂದರು. ಆಮೇಲೆ ಡಾಕ್ಟರಿಗೆ ಕೇಳಿದ್ದು ಎರಡೇ ಪ್ರಶ್ನೆ: ಇವರು ಕುಕ್ಕರಗಾಲಲ್ಲಿ ಕೂರಬಲ್ಲರೇ? ಸಾರುವೆ ಹತ್ತಬಲ್ಲರೇ? ಎರಡಕ್ಕೂ ಇಲ್ಲ ಎಂಬ ಉತ್ತರ ದಾಖಲಾಯಿತು.

ಹೀಗೆ ಕೆಲಸವನ್ನು ನೋಡಿ ನಷ್ಟ ಅಳೆಯುವುದಕ್ಕೆ ಕಾನೂನಿನ ಬಲವಿದೆ. 2010ರ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ದೇಹದ ವೈಕಲ್ಯ ಬೇರೆ, ಗಳಿಕೆಯ ಶಕ್ತಿಯ ನಷ್ಟ ಬೇರೆ ಎಂದು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ಈ ಉದಾಹರಣೆ ತೀರ್ಪಿನಲ್ಲೇ ಇದೆ.

ಹಣದಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ. ವಯಸ್ಸು 38, ತಿಂಗಳ ಗಳಿಕೆ 15,000 ಎಂದುಕೊಳ್ಳಿ. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ 36ರಿಂದ 40 ವಯಸ್ಸಿಗೆ ಗುಣಕ 15. ವರ್ಷಕ್ಕೆ 1,80,000, ಅದನ್ನು 15ರಿಂದ ಗುಣಿಸಿದರೆ 27 ಲಕ್ಷ. ಶೇ. 10 ಹಿಡಿದರೆ 2,70,000 ರೂಪಾಯಿ. ದುಡಿಮೆಯ ನಷ್ಟ ಶೇ. 40 ಎಂದು ಸಾಬೀತಾದರೆ 10,80,000. ಕಾಲು ಅದೇ, ಎಕ್ಸ್‌ರೇ ಅದೇ. ಭವಿಷ್ಯದಲ್ಲಿ ಗಳಿಕೆ ಏರುತ್ತಿತ್ತೆಂಬ ಲೆಕ್ಕವೂ ಉಂಟು. 2017ರ ಪ್ರಣಯ್ ಸೇಥಿ ತೀರ್ಪಿನಂತೆ 40ರೊಳಗಿನ ಸ್ವಂತ ದುಡಿಮೆಯವರಿಗೆ ಅದು ಶೇ. 40. ಶಾಶ್ವತ ವೈಕಲ್ಯದ ಗಾಯಾಳುಗಳಿಗೂ ಅದು ಸಲ್ಲುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅರ್ಜಿಯಲ್ಲಿ ಅದನ್ನು ಕೇಳಲು ಮರೆಯಬೇಡಿ.

ಆದ್ದರಿಂದ ಗಾಯಾಳು ಮೊದಲ ಸಲ ಬಂದಾಗ ನಾನು ಗಾಯದ ಬಗ್ಗೆ ಕೇಳುವುದಕ್ಕಿಂತ ಕೆಲಸದ ಬಗ್ಗೆ ಹೆಚ್ಚು ಕೇಳುತ್ತೇನೆ. ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಿರಿ? ಯಾವ ಕೈಯಲ್ಲಿ? ಎಷ್ಟು ಹೊತ್ತು ನಿಂತು? ಹೂ ಕಟ್ಟುವ ಹೆಂಗಸಿಗೆ ಹೆಬ್ಬೆರಳು ಮಡಚದಿದ್ದರೆ ಕಸುಬೇ ಹೋಯಿತು. ಸರ್ಟಿಫಿಕೇಟಿನಲ್ಲಿ ಅದು ಒಂದಂಕಿಯ ಶೇಕಡಾವಾರು.

5. ಸಂಬಳದ ಚೀಟಿ ಇಲ್ಲದವರ ಆದಾಯ

ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಬ್ಬ ಕೂಲಿ ಕಾರ್ಮಿಕರ ಕೇಸು ಇದೆ. ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆ ಅಂದದ್ದನ್ನು ನ್ಯಾಯಮಂಡಳಿ 3,000ಕ್ಕೆ ಇಳಿಸಿತ್ತು. ಕೂಲಿಯವರ ಬಳಿ ದಾಖಲೆ ಎಲ್ಲಿಂದ ಬರಬೇಕು, ಅವರು ಕೇಳಿದ್ದು ಅತಿಯಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು 4,500ನ್ನೇ ಒಪ್ಪಿತು. ಈಗ ದಾಖಲೆ ಇಲ್ಲದಿದ್ದರೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಪಟ್ಟಿಯಲ್ಲಿ ಆ ಇಸವಿಗೆ ನಿಗದಿಯಾದ ಅಂದಾಜು ಆದಾಯವನ್ನು ನಮ್ಮ ಹೈಕೋರ್ಟು ಆಧಾರವಾಗಿ ಇಟ್ಟುಕೊಳ್ಳುವುದು ವಾಡಿಕೆ.

ಅದು ಕನಿಷ್ಠ ಆಸರೆ ಮಾತ್ರ. ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಮನೆಯಲ್ಲೇ ಹುಡುಕಿ. ಹಾಲಿನ ಡೇರಿಯ ಪುಸ್ತಕ, ಮಂಡಿಯ ಚೀಟಿಗಳು, ಸ್ವಸಹಾಯ ಸಂಘದಲ್ಲಿ ವಾರವಾರ ಕಟ್ಟಿದ ಕಂತು, ಕಟ್ಟಡ ಕಾರ್ಮಿಕರ ಕಾರ್ಡು, ಫೋನ್‌ಪೇಯಲ್ಲಿ ಬಂದ ಹಣದ ವಿವರ. ಅಪಘಾತದ ತಿಂಗಳಿಂದ ಡೇರಿ ಪುಸ್ತಕದ ಸಾಲುಗಳು ಖಾಲಿಯಾಗಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಗೃಹಿಣಿಯರು ‘ನಾನೇನೂ ಕೆಲಸ ಮಾಡಲ್ಲ ಸಾರ್, ಮನೇಲಿ ಇರ್ತೀನಿ’ ಎನ್ನುತ್ತಾರೆ. ಹಾಗೆ ಬರೆಸಬೇಡಿ. ಮನೆಗೆಲಸಕ್ಕೆ ಹಣದ ಬೆಲೆ ಕಟ್ಟಲೇಬೇಕೆಂದು 2021ರ ಕೀರ್ತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ.

6. ಬಿಲ್ಲುಗಳು

ಮೂಲ ಬಿಲ್ಲು, ಅದರ ಹಿಂದೆ ಡಾಕ್ಟರ ಚೀಟಿ, ದಿನಾಂಕದ ಸಾಲಿನಲ್ಲಿ. ಸರ್ಕಾರಿ ಯೋಜನೆಯಲ್ಲಿ ಪುಕ್ಕಟೆಯಾದ ಚಿಕಿತ್ಸೆಗೆ ಹಣ ಕೇಳಬೇಡಿ. ಆದರೆ ಓಡಾಟದ ಆಟೋ ಬಾಡಿಗೆ, ನೋಡಿಕೊಳ್ಳಲು ಕೂಲಿ ಬಿಟ್ಟು ಕೂತವರ ನಷ್ಟ, ಮುಂದೆ ರಾಡು ತೆಗೆಸುವ ಆಪರೇಷನ್ನಿನ ಖರ್ಚು ಎಲ್ಲವನ್ನೂ ಕೇಳಬಹುದು. ಕೊನೆಯದಕ್ಕೆ ಡಾಕ್ಟರಿಂದ ಅಂದಾಜು ಬರೆಸಿ ತನ್ನಿ.

7. ಯಾವ ಗಾಡಿಯಲ್ಲಿ ಕೂತಿದ್ದಿರಿ?

ಮದುವೆಗೆ, ಜಾತ್ರೆಗೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಗೂಡ್ಸ್ ಆಟೋದಲ್ಲಿ ಹೋಗುವುದು ನಮ್ಮಲ್ಲಿ ಮಾಮೂಲು. ಸರಕು ಸಾಗಣೆ ವಾಹನದಲ್ಲಿ ಸುಮ್ಮನೆ ಪ್ರಯಾಣಿಸಿದವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು 2002ರ ಆಶಾರಾಣಿ ತೀರ್ಪು ಹೇಳುತ್ತದೆ. ಆಗ ಉಳಿಯುವುದು ಮಾಲೀಕರೊಬ್ಬರೇ. ಅವರ ಹೆಸರಲ್ಲಿ ಒಂದು ಎಕರೆಯೂ ಇರುವುದಿಲ್ಲ. ಸರಕಿನ ಮಾಲೀಕರಾಗಿ ಜೊತೆಗೆ ಹೋಗಿದ್ದರೆ, ಅಥವಾ ಹಮಾಲಿಯಾಗಿದ್ದು ಪಾಲಿಸಿಯಲ್ಲಿ ಅದಕ್ಕೆ ಪ್ರೀಮಿಯಂ ಕಟ್ಟಿದ್ದರೆ ಮಾತು ಬೇರೆ. ಪಾಲಿಸಿಯ ಪ್ರತಿ ತರಿಸಿ ಓದದೆ ಅರ್ಜಿ ಬರೆಯಬಾರದು. ಚಾಲಕನಿಗೆ ಲೈಸೆನ್ಸ್ ಇರಲಿಲ್ಲ ಎಂಬಂಥ ತಕರಾರಿಗೆ ಮಾತ್ರ ಹೆದರಬೇಕಿಲ್ಲ. ಮೂರನೆಯ ವ್ಯಕ್ತಿಗೆ ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂಬುದು 2020ರಲ್ಲಿ ನಮ್ಮ ಹೈಕೋರ್ಟಿನ ಪೂರ್ಣಪೀಠ ಕೊಟ್ಟ ತೀರ್ಪು.

ಎರವಲು ಬೈಕಿನ ಸಮಸ್ಯೆಯೂ ಹೀಗೇ. ಇಳಕಲ್‌ನಿಂದ ಗುಡೂರಿಗೆ ಬೇರೆಯವರ ಬೈಕಿನಲ್ಲಿ ಹೊರಟವರೊಬ್ಬರು ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡರು. ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ತಪ್ಪು ಸಾಬೀತು ಮಾಡಬೇಕಿಲ್ಲದ ಆಗಿನ 163ಎ ಕಲಮಿನಡಿ ಆತನ ಮನೆಯವರು ಪರಿಹಾರ ಕೇಳುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಿಮ್ಮ ಬೈಕಿನ ವಿಮೆ ನವೀಕರಿಸುವಾಗ ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನು ಬಿಡಬೇಡಿ. ಯಾರೂ ಗುದ್ದದೆ ನೀವೇ ಬಿದ್ದರೆ ಸಾಮಾನ್ಯವಾಗಿ ಆಸರೆಯಾಗುವುದು ಅದೊಂದೇ.

8. ಗಾಡಿ ಓಡಿಹೋದರೆ

ಗುದ್ದಿದ ವಾಹನ ಪತ್ತೆಯೇ ಆಗದಿದ್ದರೂ ಕೈಚೆಲ್ಲಬೇಕಿಲ್ಲ. 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಯೋಜನೆಯಿಂದ ಸಿಗುತ್ತದೆ. ಅರ್ಜಿ ಹೋಗುವುದು ಕಂದಾಯ ಇಲಾಖೆಯ ಕಡೆಗೆ, ಕೋರ್ಟಿಗಲ್ಲ. ಕಡಿಮೆ ಹಣ, ಒಪ್ಪುತ್ತೇನೆ. ಆದರೂ ಅರ್ಹರಾದ ಎಷ್ಟೋ ಜನ ಕೇಳುವುದೇ ಇಲ್ಲವೆಂಬುದು ನನ್ನನ್ನು ಕಾಡುತ್ತದೆ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯೂ ಇದೆ. ಅಪಘಾತದ ದಿನದಿಂದ ಏಳು ದಿನ, 1.5 ಲಕ್ಷದವರೆಗೆ. ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಹಿಡಿದು ಕೇಳಿ.

9. ವಕೀಲರ ಫೀಸು

ವಾರ್ಡಿನಲ್ಲಿ ಮಲಗಿದ್ದಾಗಲೇ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಏಜೆಂಟರಿದ್ದಾರೆ. ‘ಬಂದದ್ದರಲ್ಲಿ ಇಷ್ಟು ಪರ್ಸೆಂಟು’ ಎಂಬ ಮಾತುಕತೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಿಗೇ ವಿರುದ್ಧ. ನಮ್ಮ ವೃತ್ತಿಯವರ ಬಗ್ಗೆಯೇ ಇದನ್ನು ಬರೆಯಬೇಕಾಗಿದೆ, ಬರೆಯುತ್ತೇನೆ. ಸಹಿ ಮಾಡಿದ ಖಾಲಿ ಚೆಕ್ಕು, ಎ.ಟಿ.ಎಂ. ಕಾರ್ಡು, ಪಾಸ್‌ಬುಕ್ಕನ್ನು ಯಾರ ಕೈಗೂ ಕೊಡಬೇಡಿ. ಫೀಸು ಎಷ್ಟೆಂದು ಮೊದಲೇ ಕೇಳಿ, ಬರೆಸಿಕೊಳ್ಳಿ.

ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಇವರಿಗೆಲ್ಲ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆಯಾಗಿ ಸಿಗುತ್ತಾರೆ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ. ಜಿಲ್ಲಾ ಮತ್ತು ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅವರ ಕಚೇರಿ ಇರುತ್ತದೆ. ಸಹಾಯವಾಣಿ 15100.

10. ಲೋಕ ಅದಾಲತ್ತಿನಲ್ಲಿ ಸಹಿ ಹಾಕುವ ಮುನ್ನ

ರಾಜಿ ಒಳ್ಳೆಯದು, ಹಣ ಬೇಗ ಬರುತ್ತದೆ. ಆದರೆ ಅದಾಲತ್ತಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ನ್ಯಾಯಮಂಡಳಿಯ ತೀರ್ಪಾದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಹಾಗಾಗಿ ಚಿಕಿತ್ಸೆ ಮುಗಿದಿದೆಯೇ, ಇನ್ನೊಂದು ಆಪರೇಷನ್ ಬಾಕಿ ಇದೆಯೇ ಎಂಬುದನ್ನು ಡಾಕ್ಟರಿಂದ ತಿಳಿದುಕೊಂಡೇ ಒಪ್ಪಿಕೊಳ್ಳಿ. ಹೇಳಿದ ಮೊತ್ತದಲ್ಲಿ ಬಡ್ಡಿ ಸೇರಿದೆಯೇ ಎಂದೂ ಕೇಳಿ.

ತೀರ್ಪಾದ ಮೇಲೆ ಹಣದ ಒಂದು ಭಾಗವನ್ನು ನ್ಯಾಯಮಂಡಳಿ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಗಾಯಾಳುವಿನ ಸುತ್ತ ಸಾಲಗಾರರು, ನೆಂಟರು ಮುತ್ತಿಕೊಳ್ಳುವುದನ್ನು ಕಂಡವರಿಗೆ ಅದರ ಉಪಯೋಗ ಗೊತ್ತು. ಆದರೆ ಎಲ್ಲರಿಗೂ ಕಣ್ಣುಮುಚ್ಚಿ ಠೇವಣಿ ಇಡಿಸಬಾರದೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ರಾಡು ತೆಗೆಸಲು, ಅಂಗಡಿ ಹಾಕಲು, ಮಗಳ ಕಾಲೇಜು ಫೀಸಿಗೆ ಬೇಕಿದ್ದರೆ ಅದಕ್ಕೆ ಸಂಬಂಧಿಸಿದ ಕಾಗದ ಲಗತ್ತಿಸಿ ಅದೇ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ಅವಧಿಗೆ ಮೊದಲೇ ಬಿಡುಗಡೆ ಮಾಡುತ್ತಾರೆ. ಈ ಅರ್ಜಿಗೆ ಮತ್ತೆ ಫೀಸು ಕೊಡಲಾಗದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ, ಬರೆದುಕೊಡುತ್ತಾರೆ.