ಗುಡ್ಡಗಾಡಿನ ಗಾಯಕಿ ಡಾಲಿ ಪಾರ್ಟನ್

ಮಗಳ ಕಂಠವು ಇಂಪಾಗಿದೆ. ಆಕೆಯು ಶಾಲೆಯನ್ನು ಬಿಟ್ಟು ಸಂಗೀತವನ್ನೇ ಹಿಡಿಯಲೋ, ಸಂಗೀತವನ್ನು ಬಿಟ್ಟು ಪಾಠವನ್ನೇ ಓದಲೋ ಎಂದು ಚಿಂತಿಸುವ ತಂದೆತಾಯಿಗಳುಂಟು. ಅಂಥವರ ಮುಂದೆ ಅಮೆರಿಕಾ ದೇಶದ ಒಬ್ಬ ಗಾಯಕಿಯ ವೃತ್ತಾಂತವನ್ನು ಇಡಲಿಚ್ಛಿಸುತ್ತೇನೆ.

ಆ ದೇಶದ ದಕ್ಷಿಣ ಭಾಗದಲ್ಲಿ 'ಕಂಟ್ರಿ ಮ್ಯೂಸಿಕ್' ಎಂಬ ಹಳ್ಳಿಗಾಡಿನ ಸಂಗೀತವು ಬೆಳೆದುಬಂದಿದೆ. ಬ್ರಿಟನ್ ಐರ್ಲೆಂಡುಗಳಿಂದ ಬಂದು ನೆಲಸಿದವರ ಕಥನಗೀತಗಳೂ ಪಿಟೀಲೂ, ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಬ್ಯಾಂಜೋ ವಾದ್ಯವೂ, ದೇವಾಲಯದ ಕೀರ್ತನೆಗಳೂ ಕೂಡಿ ಇದು ಹುಟ್ಟಿತು. ಟೆನೆಸ್ಸಿ ಸಂಸ್ಥಾನದ ನ್ಯಾಶ್ವಿಲ್ ಪಟ್ಟಣವು ಇದಕ್ಕೆ ತವರು. 'ಗ್ರ್ಯಾಂಡ್ ಓಲ್ ಆಪ್ರಿ' ಎಂದು ಹೆಸರಾದ ರೇಡಿಯೋ ಸಂಗೀತಸಭೆಯು 1925ರಲ್ಲಿ ಅಲ್ಲಿಯೇ ಆರಂಭವಾಯಿತು.

ಅದೇ ಟೆನೆಸ್ಸಿಯ ಸೆವಿಯರ್ ಜಿಲ್ಲೆಯ ಒಂದು ಬಡ ಗುಡಿಸಲಿನಲ್ಲಿ 1946ನೆಯ ಜನವರಿ 19ರಂದು ಡಾಲಿ ಪಾರ್ಟನ್ ಹುಟ್ಟಿದಳು. ಹನ್ನೆರಡು ಮಕ್ಕಳಲ್ಲಿ ಈಕೆ ನಾಲ್ಕನೆಯವಳು. ಹೆರಿಗೆ ಮಾಡಿಸಿದ ಮೆಥಡಿಸ್ಟ್ ಮಿಷನ್ ವೈದ್ಯನಾದ ರಾಬರ್ಟ್ ಥಾಮಸನಿಗೆ ತಂದೆಯು ಹಣವಿಲ್ಲದೆ ಒಂದು ಚೀಲ ಮೆಕ್ಕೆಜೋಳದ ಹಿಟ್ಟನ್ನು ಕೊಟ್ಟನಂತೆ. ತಾಯಿಯು ಚಿಂದಿಬಟ್ಟೆಗಳನ್ನು ಜೋಡಿಸಿ ಅಂಗಿಯೊಂದನ್ನು ಹೊಲಿಯುತ್ತ ಯೋಸೇಫನ ಬಣ್ಣದ ಅಂಗಿಯ ಕಥೆಯನ್ನು ಹೇಳಿದಳು. ಅದನ್ನು ಹಿಗ್ಗಿನಿಂದ ತೊಟ್ಟುಹೋದ ಬಾಲೆಯನ್ನು ಕಂಡು ಶಾಲೆಯ ಮಕ್ಕಳು ನಕ್ಕರು. ಆ ನೋವೇ 1971ರಲ್ಲಿ ಆಕೆಯ ಪ್ರಸಿದ್ಧವಾದ ಹಾಡೊಂದಾಯಿತು.

ಆಕೆಯ ಅಜ್ಜನು ಬೋಧಕನು. ಅವನ ಸಭೆಯಲ್ಲಿಯೇ ಆಕೆಯು ಹಾಡಲು ತೊಡಗಿದಳು. ಎಂಟನೆಯ ವಯಸ್ಸಿನಲ್ಲಿ ಸೋದರಮಾವನು ಗಿಟಾರನ್ನು ಕೊಟ್ಟನು. ಹತ್ತರ ಸುಮಾರಿಗೆ ನಾಕ್ಸ್‌ವಿಲ್ ಪಟ್ಟಣದ ರೇಡಿಯೋದಲ್ಲಿಯೂ, ಹದಿಮೂರರಲ್ಲಿ ಆಪ್ರಿಯ ವೇದಿಕೆಯಲ್ಲಿಯೂ ಹಾಡಿದಳು. ಆದರೂ ಶಾಲೆಯನ್ನು ಬಿಡಲಿಲ್ಲ. 1964ರಲ್ಲಿ ಹೈಸ್ಕೂಲನ್ನು ಮುಗಿಸಿದಳು. ಆ ಕುಟುಂಬದಲ್ಲಿ ಅಷ್ಟು ಓದಿದವಳು ಈಕೆಯೇ ಮೊದಲು. ತಾನು ನ್ಯಾಶ್ವಿಲ್ಲಿಗೆ ಹೋಗಿ ಖ್ಯಾತಳಾಗುವೆನೆಂದು ಪದವಿಯ ದಿನ ಹೇಳಿದಾಗ ಸಭೆಯು ನಕ್ಕಿತು. ಮರುದಿನವೇ ಆಕೆಯು ಹೊರಟಳು.

ಕೀರ್ತಿಯು ಕೂಡಲೆ ದೊರೆಯಲಿಲ್ಲ. ಮೊದಮೊದಲು ಪರರಿಗಾಗಿ ಹಾಡುಗಳನ್ನು ಬರೆದೇ ಜೀವಿಸಿದಳು. 1967ರಲ್ಲಿ ಪೋರ್ಟರ್ ವ್ಯಾಗನರ್ ಎಂಬ ಗಾಯಕನ ಟೆಲಿವಿಷನ್ ಕಾರ್ಯಕ್ರಮವನ್ನು ಸೇರಿ, ಏಳು ವರ್ಷಗಳ ಮೇಲೆ ಸ್ವತಂತ್ರಳಾದಳು. ಆತನಿಗೆ ವಿದಾಯವಾಗಿ ಬರೆದ 'ಐ ವಿಲ್ ಆಲ್ವೇಸ್ ಲವ್ ಯೂ' ಎಂಬ ಹಾಡು 1974ರಲ್ಲಿ ಬಹಳ ಜನಪ್ರಿಯವಾಯಿತು. ಎಲ್ವಿಸ್ ಪ್ರೆಸ್ಲಿಯು ಅದನ್ನು ಹಾಡಲಿಚ್ಛಿಸಿದನು. ಆದರೆ ಅವನ ವ್ಯವಸ್ಥಾಪಕನು ಪ್ರಕಾಶನದ ಹಕ್ಕಿನಲ್ಲಿ ಅರ್ಧ ಪಾಲನ್ನು ಕೇಳಿದನು. ಆಕೆಯು ಅತ್ತಳು; ಆದರೂ ಒಪ್ಪಲಿಲ್ಲ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಚಲನಚಿತ್ರವೊಂದರಲ್ಲಿ ಹಾಡಿ ಲೋಕಪ್ರಸಿದ್ಧಗೊಳಿಸಿದಾಗ, ಹಕ್ಕು ಡಾಲಿಯ ಕೈಯಲ್ಲಿಯೇ ಇತ್ತು. ಮಧುರ ಕಂಠವುಳ್ಳವರು ಅನೇಕರು. ತಮ್ಮ ದುಡಿಮೆಯ ಬೆಲೆಯನ್ನರಿತು, ಒಪ್ಪಂದವನ್ನು ಓದಿ, ಬೇಡವೆನ್ನಬಲ್ಲವರು ವಿರಳ.

ಇನ್ನು ಮುಖ್ಯವಾದ ಮಾತು. ಆಕೆಯ ತಂದೆಯು ಬುದ್ಧಿವಂತನಾಗಿದ್ದರೂ ಓದುಬರಹವನ್ನರಿಯನು. ಈ ಕೊರತೆಯನ್ನು ಮಗಳು ಮರೆಯಲಿಲ್ಲ. 1990ರ ದಶಕದ ಆರಂಭದಲ್ಲಿ ತನ್ನ ಜಿಲ್ಲೆಯಲ್ಲಿ ಏಳನೆಯ ಎಂಟನೆಯ ತರಗತಿಗಳ ಮಕ್ಕಳನ್ನು ಜೊತೆಜೊತೆಯಾಗಿಸಿ, ಇಬ್ಬರೂ ಹೈಸ್ಕೂಲನ್ನು ಮುಗಿಸಿದರೆ ತಲೆಗೆ 500 ಡಾಲರುಗಳನ್ನು ಕೊಡುವೆನೆಂದು ಮಾತುಕೊಟ್ಟಳು. ಆ ತರಗತಿಗಳಲ್ಲಿ ಶಾಲೆ ಬಿಡುವವರ ಸಂಖ್ಯೆಯು ನೂರಕ್ಕೆ 35ರಿಂದ 6ಕ್ಕೆ ಇಳಿಯಿತು. 1995ರಲ್ಲಿ, ಹುಟ್ಟಿದಂದಿನಿಂದ ಐದು ವರ್ಷದವರೆಗೆ ಮಕ್ಕಳ ಮನೆಗೆ ತಿಂಗಳಿಗೊಂದು ಪುಸ್ತಕವನ್ನು ಉಚಿತವಾಗಿ ಕಳುಹಿಸುವ ಏರ್ಪಾಡನ್ನು ಪ್ರಾರಂಭಿಸಿದಳು. ಅದು ಇತರ ದೇಶಗಳಿಗೂ ಹಬ್ಬಿ, 2023ರೊಳಗೆ 20 ಕೋಟಿಗಿಂತ ಹೆಚ್ಚು ಪುಸ್ತಕಗಳು ಮಕ್ಕಳ ಕೈಸೇರಿದವು. ಓದಲರಿಯದ ತಂದೆಯು ಮಗಳ ಹಾಡುಗಳಿಗಿಂತಲೂ ಈ ಕಾರ್ಯಕ್ಕಾಗಿ ಹೆಚ್ಚು ಅಭಿಮಾನಪಟ್ಟನೆಂದು ಆಕೆಯೇ ಹೇಳಿದ್ದಾಳೆ.

ಕರ್ತನ ಸಾಮ್ಯದಲ್ಲಿ ತಲಾಂತನ್ನು ಹೂಳಿಟ್ಟವನು ಗದರಿಸಲ್ಪಟ್ಟನು. ಆದಕಾರಣ ಪೋಷಕರೇ, ಮಗಳ ಕಂಠವನ್ನು ಹೂಳಬೇಡಿರಿ; ಆದರೆ ಅದಕ್ಕಾಗಿ ಆಕೆಯ ಪುಸ್ತಕವನ್ನು ಕಸಿದುಕೊಳ್ಳಲೂ ಬೇಡಿರಿ. ಈ ಶಾಲೆಯಲ್ಲಿ ಓದಿ ಹೋದ ಸೋದರಿಯರೇ, ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಓದಲರಿಯದವರು ಒಬ್ಬರಿದ್ದರೆ, ಅವರ ಬಳಿಯಲ್ಲಿ ಕುಳಿತು ಅಕ್ಷರವನ್ನು ಕಲಿಸಿರಿ. ಈ ಶಾಲೆಯ ಋಣವು ಹಾಗೆ ತೀರಲಿ.