ತೆನೆ ತುಂಬಿದರೆ ರಸಮೇವಿಗೆ ತೂಕ



ಸಂಘದ ಸಭೆಗಳಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. “ಡಾಕ್ಟ್ರೇ, ಮುಸುಕಿನ ಜೋಳದ ತೆನೆ ಮುರಿದು ಮಾರಿಕೊಂಡು, ದಂಟನ್ನು ಮಾತ್ರ ರಸಮೇವಿನ ಗುಂಡಿಗೆ ತುಂಬಿದರೆ ಆಗದೇ? ಹಸುವಿಗೆ ಬೇಕಾದದ್ದು ಮೇವು ತಾನೇ?” ಇನ್ನು ಕೆಲವರು ಒತ್ತಾಗಿ ಬಿತ್ತಿ, ಆಳೆತ್ತರ ಬೆಳೆದ ಹಸಿರು ಬೆಳೆಯನ್ನು ಸೂಲಂಗಿ ಬಂದ ಕೂಡಲೇ ಕೊಯ್ದು ಗುಂಡಿ ತುಂಬುತ್ತಾರೆ. ಗುಂಡಿ ತುಂಬಿದ ಸಂತೋಷವೇನೋ ಆಗುತ್ತದೆ, ಆದರೆ ಬೇಸಿಗೆಯಲ್ಲಿ ತೆಗೆದು ಹಾಕಿದಾಗ ಹಾಲು ಏರುವುದಿಲ್ಲ. ಈ ಎರಡಕ್ಕೂ ಉತ್ತರ ಒಂದೇ. ರಸಮೇವಿನ ಬೆಲೆ ನಿರ್ಧಾರವಾಗುವುದು ಬಹುಮಟ್ಟಿಗೆ ತೆನೆಯಲ್ಲಿ.

ಗಿಡದ ಶಕ್ತಿ ಎಲ್ಲಿದೆ?

ಚೆನ್ನಾಗಿ ಬೆಳೆದ ಮುಸುಕಿನ ಜೋಳವನ್ನು ಸರಿಯಾದ ಹಂತದಲ್ಲಿ ಕೊಯ್ದರೆ, ನೀರನ್ನು ಕಳೆದು ಉಳಿಯುವ 100 ಕೆ.ಜಿ. ಒಣ ಪದಾರ್ಥದಲ್ಲಿ 40ರಿಂದ 50 ಕೆ.ಜಿ. ಕಾಳೇ ಇರುತ್ತದೆ. ಕಾಳಿನ ಬಹುಪಾಲು ಪಿಷ್ಟ. ಒಡೆದ ಕಾಳಿನಲ್ಲಿ ನೂರಕ್ಕೆ 90 ಭಾಗ ಹಸುವಿಗೆ ಜೀರ್ಣವಾಗುತ್ತದೆ. ದಂಟು, ಗರಿ, ತೆನೆಯ ಸಿಪ್ಪೆಗಳಲ್ಲಿ ಜೀರ್ಣವಾಗುವುದು ನೂರಕ್ಕೆ 55ರಿಂದ 60 ಭಾಗ ಮಾತ್ರ.

ಲೆಕ್ಕ ಹಾಕಿ ನೋಡಿ. ಕಾಳು 45 ಭಾಗವಿದ್ದ ಮೇವಿನಲ್ಲಿ ನೂರಕ್ಕೆ ಸುಮಾರು 72 ಭಾಗ ಹಸುವಿಗೆ ದಕ್ಕುತ್ತದೆ. ತೆನೆ ಮುರಿದುಕೊಂಡ ದಂಟಿನಲ್ಲಿ ದಕ್ಕುವುದು ಸುಮಾರು 58 ಭಾಗ. ಈ ಕೊರತೆಯನ್ನು ನೀವು ಪಶು ಆಹಾರದ ಚೀಲದಿಂದ ತುಂಬಬೇಕಾಗುತ್ತದೆ.

ಕಾಳಿನ ಇಳುವರಿಯಿಂದ ಮೇವಿನ ಅಂದಾಜು

ನಿಮ್ಮ ಹೊಲದಲ್ಲಿ ಎಕರೆಗೆ 25 ಕ್ವಿಂಟಲ್ ಕಾಳು ಬರುವ ಬೆಳೆ ಇದೆ ಎಂದುಕೊಳ್ಳಿ. ಅದೇ ಬೆಳೆಯನ್ನು ರಸಮೇವಿಗೆ ಕೊಯ್ದರೆ ಸುಮಾರು 14ರಿಂದ 15 ಟನ್ ಮೇವು ಸಿಗುತ್ತದೆ. ಅಂದರೆ 1 ಕ್ವಿಂಟಲ್ ಕಾಳಿಗೆ ಸುಮಾರು 6 ಕ್ವಿಂಟಲ್ ಮೇವು.

ಮಳೆ ಕೈಕೊಟ್ಟು 10 ಕ್ವಿಂಟಲ್ ಕಾಳು ಮಾತ್ರ ಬರುವಂತಿದ್ದರೆ ಮೇವು 6 ಟನ್ನಿಗೆ ಇಳಿಯುವುದಿಲ್ಲ, ಹೆಚ್ಚುಕಡಿಮೆ 8ರಿಂದ 9 ಟನ್ ಸಿಗುತ್ತದೆ. ಬರ ಬಂದಾಗ ದಂಟಿಗಿಂತ ತೆನೆಗೆ ಪೆಟ್ಟು ಹೆಚ್ಚು. ಆದ್ದರಿಂದ ಕಾಳು ಕುಸಿದಷ್ಟು ಮೇವು ಕುಸಿಯುವುದಿಲ್ಲ. ಆದರೆ ಮೊದಲನೆಯ ಮೇವಿನ ಪ್ರತಿ ಟನ್ನಿನಲ್ಲಿ 170 ಕೆ.ಜಿ. ಕಾಳಿದ್ದರೆ, ಎರಡನೆಯದರಲ್ಲಿ 115 ಕೆ.ಜಿ. ಅಷ್ಟೇ. ನೆರೆಯವರಿಂದ ನಿಂತ ಬೆಳೆ ಅಥವಾ ಸಿದ್ಧ ರಸಮೇವು ಕೊಳ್ಳುವವರು ಇದನ್ನು ನೆನಪಿಡಬೇಕು. ಟನ್ನಿನ ದರ ಕೇಳುವ ಮೊದಲು ತೆನೆ ನೋಡಿ, ಸಿದ್ಧ ಮೇವಾದರೆ ಬೊಗಸೆಯಲ್ಲಿ ಹಿಡಿದು ಕಾಳು ಎಷ್ಟಿದೆ ನೋಡಿ.

ಹಸಿ ತೂಕಕ್ಕೆ ಮರುಳಾಗಬೇಡಿ

ಸೂಲಂಗಿ ಹಂತದಲ್ಲಿ ಎಕರೆಗೆ 18 ಟನ್ ತೂಗುವ ಬೆಳೆಯಲ್ಲಿ ಒಣ ಪದಾರ್ಥ ನೂರಕ್ಕೆ 20 ಭಾಗ ಮಾತ್ರ ಇದ್ದರೆ, ನಿಮಗೆ ಸಿಕ್ಕಿದ್ದು 3.6 ಟನ್. ಕಾಳು ಗಟ್ಟಿಯಾಗುವವರೆಗೆ ಬಿಟ್ಟು, 14.5 ಟನ್ ತೂಗಿದಾಗ ಕೊಯ್ದರೆ ಒಣ ಪದಾರ್ಥ ನೂರಕ್ಕೆ 33 ಭಾಗ, ಅಂದರೆ 4.8 ಟನ್. ತೂಕ ಇಳಿದಿದೆ, ಮೇವು ಹೆಚ್ಚಿದೆ. ಮೊದಲನೆಯದನ್ನು ಹಸುವಿಗೆ 20 ಕೆ.ಜಿ. ಹಾಕಿದರೆ ಹೊಟ್ಟೆಗೆ ಹೋಗುವ ಒಣ ಪದಾರ್ಥ 4 ಕೆ.ಜಿ., ಎರಡನೆಯದರಲ್ಲಿ 6.6 ಕೆ.ಜಿ. ಇದಲ್ಲದೆ ಎಳೆಯ ಬೆಳೆಯಿಂದ ಗುಂಡಿಯ ತಳಕ್ಕೆ ರಸ ಸೋರಿ ಸತ್ವ ಹೋಗುತ್ತದೆ, ಮೇವು ಕೆಟ್ಟ ವಾಸನೆ ಹಿಡಿಯುತ್ತದೆ.

ಎಕರೆಗೆ 25-30 ಕೆ.ಜಿ. ಬೀಜ ಚೆಲ್ಲಿ ಬೆಳೆಸಿದ ಆಫ್ರಿಕನ್ ಟಾಲ್ ಹಸಿಯಾಗಿ ಕೊಯ್ದು ಹಾಕಲು ಒಳ್ಳೆಯ ಮೇವು. ರಸಮೇವಿಗಾದರೆ ಕಾಳಿನ ಇಳುವರಿ ಚೆನ್ನಾಗಿರುವ ಸಂಕರಣ ತಳಿಯನ್ನು 8ರಿಂದ 10 ಕೆ.ಜಿ. ಬೀಜ ಬಳಸಿ ಸಾಲಿನಲ್ಲಿ ಬಿತ್ತಿರಿ. ಒತ್ತಾದ ಬೆಳೆಯಲ್ಲಿ ದಂಟು ತೆಳುವಾಗಿ, ಎಷ್ಟೋ ಗಿಡಗಳು ತೆನೆಯನ್ನೇ ಬಿಡುವುದಿಲ್ಲ.

ಕೊಯ್ಯುವ ಹದ ಯಾವುದು?

ತೆನೆಯ ಕೂದಲು ಬಂದ ಒಂದು ತಿಂಗಳ ಹೊತ್ತಿಗೆ ಹೊಲದ ಮಧ್ಯದಿಂದ ನಾಲ್ಕಾರು ತೆನೆಗಳನ್ನು ತಂದು ನಡುವಿಗೆ ಮುರಿಯಿರಿ. ತುದಿಯ ಕಡೆಯ ತುಂಡಿನಲ್ಲಿ, ಮುರಿದ ಜಾಗದ ಕಾಳುಗಳನ್ನು ಗಮನಿಸಿ. ಕಾಳಿನ ಹೊರತುದಿ ಗಟ್ಟಿಯಾಗಿ, ಬುಡದ ಕಡೆ ಇನ್ನೂ ಹಾಲಿರುತ್ತದೆ. ಇವೆರಡರ ನಡುವೆ ಒಂದು ಗೆರೆ ಕಾಣುತ್ತದೆ. ಅದು ಕಾಳಿನ ಅರ್ಧದಿಂದ ಮೂರರಲ್ಲಿ ಎರಡು ಭಾಗದವರೆಗೆ ಇಳಿದಿದ್ದರೆ ಹದ ಬಂದಂತೆ.

ನಂತರ ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಬಿಡಿ. ರಸ ತೊಟ್ಟಿಕ್ಕಿದರೆ ಇನ್ನೂ ಎಳಸು. ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಸರಿ. ತಕ್ಷಣ ಉದುರಿದರೆ ಬಲಿತು ಹೋಗಿದೆ. ಬಲಿತ ಮೇವಿನಿಂದ ಗಾಳಿ ಹೊರಹೋಗುವಂತೆ ತುಳಿಯುವುದು ಕಷ್ಟ, ಬೂಸಲು ಹಿಡಿಯುತ್ತದೆ. ಗಟ್ಟಿ ಕಾಳು ಒಡೆಯದಿದ್ದರೆ ಹಾಗೆಯೇ ಸಗಣಿಯಲ್ಲಿ ಹೊರಬರುತ್ತದೆ. ಆದ್ದರಿಂದ ಮೇವು ಕತ್ತರಿಸುವ ಯಂತ್ರದ ಅಲಗು ಹರಿತವಾಗಿರಲಿ, ತುಂಡು 1ರಿಂದ 2 ಸೆಂ.ಮೀ. ಇರಲಿ. ಸಗಣಿಯಲ್ಲಿ ಇಡೀ ಕಾಳು ಕಂಡರೆ ನಿಮ್ಮ ಹಾಲೇ ತಿಪ್ಪೆ ಸೇರುತ್ತಿದೆ ಎಂದು ತಿಳಿಯಿರಿ.

ಬರ ಬಡಿದ ಬೆಳೆ

ತೆನೆ ಕಟ್ಟದ ಬೆಳೆಯನ್ನು ಉಳುಮೆ ಮಾಡಿ ಮುಚ್ಚಬೇಡಿ. ಕಾಳಿಗೆ ಹೋಗಬೇಕಾದ ಸಕ್ಕರೆ ಸ್ವಲ್ಪಮಟ್ಟಿಗೆ ದಂಟಿನಲ್ಲೇ ಉಳಿದಿರುವುದರಿಂದ, ತೆನೆ ಮುರಿದುಕೊಂಡ ದಂಟಿಗಿಂತ ಇದು ವಾಸಿ. ಆದರೆ ಇಂಥ ಬೆಳೆಯ ದಂಟಿನ ಬುಡದಲ್ಲಿ ನೈಟ್ರೇಟ್ ಎಂಬ ವಿಷ ಸೇರಿಕೊಂಡಿರಬಹುದು. ಹಸಿಯಾಗಿ ತಿನ್ನಿಸಿದರೆ ರಾಸು ಉಸಿರುಗಟ್ಟಿ ಸಾಯುವ ಅಪಾಯವಿದೆ. ಬರದ ನಂತರ ಮಳೆ ಬಿದ್ದರೆ ಒಂದು ವಾರ ಕೊಯ್ಯಬೇಡಿ. ಬುಡದಿಂದ ಒಂದು ಅಡಿ ಬಿಟ್ಟು ಕೊಯ್ಯಿರಿ. ಗುಂಡಿಯಲ್ಲಿ ಹುದುಗುವಾಗ ನೈಟ್ರೇಟ್ ಬಹಳಷ್ಟು ಕಡಿಮೆಯಾಗುತ್ತದೆ, ಆದ್ದರಿಂದ 45 ದಿನ ಬಾಯಿ ತೆರೆಯಬೇಡಿ. ತುಂಬಿದ ಮೊದಲ ಮೂರು ವಾರ ಗುಂಡಿಯಲ್ಲಿ ಹಳದಿ ಮಿಶ್ರಿತ ಕಂದು ಬಣ್ಣದ, ಘಾಟು ವಾಸನೆಯ ವಿಷಗಾಳಿ ತಳದಲ್ಲಿ ನಿಲ್ಲಬಹುದು. ಆ ದಿನಗಳಲ್ಲಿ ಯಾರೂ ಗುಂಡಿಗೆ ಇಳಿಯಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಕಾಳು ಮಾರಬೇಕೇ, ಗುಂಡಿಗೆ ಹಾಕಬೇಕೇ?

ಇದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಒಂದು ಹಾಳೆಯಲ್ಲಿ ಎರಡು ಲೆಕ್ಕ ಬರೆಯಿರಿ. ಎಡಗಡೆ: ಕಾಳಿನಿಂದ ಬರುವ ಹಣದಲ್ಲಿ ತೆನೆ ಬಿಡಿಸುವ, ಒಕ್ಕಣೆಯ, ಸಾಗಣೆಯ ಖರ್ಚು ಕಳೆದು, ಒಣ ದಂಟಿನ ಬೆಲೆ ಕೂಡಿಸಿ. ಬಲಗಡೆ: ಅಷ್ಟೇ ರಸಮೇವನ್ನು ಹೊರಗಿನಿಂದ ಕೊಂಡರೆ ಆಗುವ ಖರ್ಚಿನಲ್ಲಿ ಕೊಯ್ಯುವ, ಕತ್ತರಿಸುವ, ಮುಚ್ಚುವ ಖರ್ಚು ಕಳೆಯಿರಿ. ಹಾಳಾಗುವ ಬಾಬ್ತು ನೂರಕ್ಕೆ 15 ಬಿಟ್ಟರೂ 14.5 ಟನ್ ಮೇವು ಮೂರು ಹಸುಗಳಿಗೆ ದಿನಕ್ಕೆ ತಲಾ 20 ಕೆ.ಜಿ.ಯಂತೆ ಆರು ತಿಂಗಳಿಗೂ ಮಿಕ್ಕಿ ಬರುತ್ತದೆ. ಬೇಸಿಗೆಯಲ್ಲಿ ಮೇವು ಕೊಳ್ಳುವ ಮನೆಯವರಿಗೆ ಸಾಮಾನ್ಯವಾಗಿ ಬಲಗಡೆಯೇ ಲಾಭ. ಮನೆಯಲ್ಲಿ ಹಸಿರು ಮೇವು ಸಾಕಷ್ಟಿದ್ದು ಕಾಳಿಗೆ ಒಳ್ಳೆಯ ಧಾರಣೆ ಇದ್ದರೆ ಮಾರುವುದರಲ್ಲಿ ತಪ್ಪಿಲ್ಲ.

ಹಸಿ ತೆನೆ ಮಾರಿದವರು ಉಳಿದ ಹಸಿರು ದಂಟನ್ನು ಕೂಡಲೇ ಕತ್ತರಿಸಿ ತಿನ್ನಿಸಬಹುದು, ರಸಮೇವೂ ಮಾಡಬಹುದು. ಆದರೆ ಅದನ್ನು ತೆನೆ ಸಹಿತದ ರಸಮೇವು ಎಂದು ನಂಬಿ ಪಶು ಆಹಾರ ಕಡಿಮೆ ಮಾಡಬೇಡಿ. ಕಾಳು ಒಣಗಿಸಿ ಕಟಾವು ಮಾಡಿದ ಮೇಲೆ ಉಳಿಯುವ ದಂಟು ರಸಮೇವಿಗೆ ಬಾರದು, ಒಣ ಮೇವಾಗಿಯೇ ಬಳಸಿ.

ಕೊನೆಗೊಂದು ಎಚ್ಚರಿಕೆ. ತೆನೆ ತುಂಬಿದ ರಸಮೇವಿನಲ್ಲೂ ಸಸಾರಜನಕ ಕಡಿಮೆ, ಒಣ ಪದಾರ್ಥದ ನೂರಕ್ಕೆ 7-8 ಭಾಗ ಮಾತ್ರ. ಆದ್ದರಿಂದ ಹಿಂಡಿ ಅಥವಾ ಪಶು ಆಹಾರ, ಅಲಸಂದೆ, ಕುದುರೆ ಮೆಂತ್ಯದಂತಹ ದ್ವಿದಳ ಮೇವು, ಖನಿಜ ಮಿಶ್ರಣ ಜೊತೆಗಿರಲೇಬೇಕು. ಹೊಸದಾಗಿ ಕೊಡುವಾಗ ದಿನಕ್ಕೆ 5 ಕೆ.ಜಿ.ಯಿಂದ ಆರಂಭಿಸಿ ಹತ್ತು ದಿನಗಳಲ್ಲಿ ಏರಿಸಿ, ರಾಗಿ ಹುಲ್ಲು ನಿಲ್ಲಿಸಬೇಡಿ.

ಈ ಬಾರಿ ಗುಂಡಿ ತುಂಬುವ ಮುನ್ನ ಒಂದು ತೆನೆ ಮುರಿದು ನೋಡಿ. ಸಂದೇಹವಿದ್ದರೆ ನಿಮ್ಮ ಸಂಘದ ಕಾರ್ಯದರ್ಶಿಗೆ ತಿಳಿಸಿ, ನಮ್ಮ ವಿಸ್ತರಣಾ ಸಿಬ್ಬಂದಿ ಹೊಲಕ್ಕೇ ಬಂದು ಹದ ನೋಡಿ ಹೇಳುತ್ತಾರೆ.