ಸದ್ದು ಬದಲಾದರೆ ಚಿತ್ರವೂ ಬದಲಾಗುತ್ತದೆ

2018ರ ಡಿಸೆಂಬರ್ ಕೊನೆಯಲ್ಲಿ ಮಾಮು ಜೊತೆ ಕೊಚ್ಚಿಗೆ ಹೋಗಿದ್ದೆ. ಅಲ್ಲಿ ಕೊಚ್ಚಿ-ಮುಜಿರಿಸ್ ಬಿನಾಲೆ ನಡೆಯುತ್ತಿತ್ತು. ಬಿನಾಲೆ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನ. 2012ರಲ್ಲಿ ಶುರುವಾದ ಇದರ ನಾಲ್ಕನೇ ಆವೃತ್ತಿ 2018ರ ಡಿಸೆಂಬರ್ 12ರಂದು ಆರಂಭವಾಯಿತು. ಬರೀ ಚಿತ್ರ, ಶಿಲ್ಪ ಇರಬಹುದು ಎಂದುಕೊಂಡಿದ್ದ ನನಗೆ ಅಲ್ಲಿ ವೀಡಿಯೊ ಕಲೆಯ ಪರಿಚಯವಾಯಿತು.

ವೀಡಿಯೊ ಕಲೆ ಎಂದರೇನು?

ಚಲಿಸುವ ಚಿತ್ರ ಮತ್ತು ಧ್ವನಿಯನ್ನು ಸೇರಿಸಿ ಮಾಡುವ ಕಲೆ ಇದು. ಸಿನಿಮಾದಂತೆ ಕಥೆ ಇರಲೇಬೇಕೆಂದಿಲ್ಲ. ಹೆಚ್ಚಾಗಿ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನೋಡುವವರು ಬೇಕಾದಾಗ ಒಳಗೆ ಬಂದು, ನಿಂತು, ನಡೆದಾಡಿ ನೋಡಬಹುದು. ಕೊರಿಯಾ ಮೂಲದ ನಾಮ್ ಜೂನ್ ಪೈಕ್ 1963ರಲ್ಲಿ ಜರ್ಮನಿಯ ವುಪರ್ಟಾಲ್‌ನಲ್ಲಿ ಟಿವಿ ಪೆಟ್ಟಿಗೆಗಳನ್ನೇ ಬಳಸಿ ಮಾಡಿದ ಪ್ರದರ್ಶನ ಈ ಕಲೆಗೆ ದಾರಿ ತೋರಿಸಿತು.

ನಾನು ನೋಡಿದ ಮೆರವಣಿಗೆ

ನನ್ನನ್ನು ತಡೆದು ನಿಲ್ಲಿಸಿದ್ದು ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಡ್ಜ್ ಅವರು 2015ರಲ್ಲಿ ಮಾಡಿದ 'ಮೋರ್ ಸ್ವೀಟ್ಲಿ ಪ್ಲೇ ದ ಡ್ಯಾನ್ಸ್'. ಸಾಲಾಗಿ ಎಂಟು ಪರದೆಗಳು. ಇದ್ದಿಲಿನಲ್ಲಿ ಬಿಡಿಸಿದ ಬಯಲು. ಅದರ ಮುಂದೆ ಒಂದು ಪರದೆಯಿಂದ ಇನ್ನೊಂದಕ್ಕೆ ಸಾಗುವ ಮೆರವಣಿಗೆ. ಹೊರೆ ಹೊತ್ತವರು, ಗ್ಲೂಕೋಸ್ ಸ್ಟ್ಯಾಂಡ್ ಎಳೆದುಕೊಂಡು ನಡೆಯುವ ರೋಗಿಗಳು, ಕುಣಿಯುವ ಅಸ್ಥಿಪಂಜರಗಳು, ಜೊತೆಗೆ ಬ್ಯಾಂಡ್. ಒಟ್ಟು ಸುಮಾರು 15 ನಿಮಿಷ.

ಮೊದಲ ಸಲ ನೋಡುವಾಗ ಬ್ಯಾಂಡಿನ ತಾಳಕ್ಕೆ ನನ್ನ ಕಾಲೂ ಆಡುತ್ತಿತ್ತು. ಎರಡನೇ ಸಲ ಕಿವಿ ಮುಚ್ಚಿಕೊಂಡು ನೋಡಿದೆ. ಈಗ ಅದು ಹಬ್ಬದ ಮೆರವಣಿಗೆಯಾಗಿರಲಿಲ್ಲ, ಊರು ಬಿಟ್ಟು ಹೊರಟವರ ಸಾಲಾಗಿತ್ತು. ಮೂರನೇ ಸಲ ಕಣ್ಣು ಮುಚ್ಚಿದೆ. ಬರೀ ಮದುವೆಮನೆಯ ಸಂಭ್ರಮ ಕೇಳಿಸಿತು. ಚಿತ್ರ ಒಂದು ಹೇಳುತ್ತದೆ, ಸದ್ದು ಇನ್ನೊಂದು ಹೇಳುತ್ತದೆ. ಎರಡೂ ಸೇರಿದಾಗ ಮೂರನೆಯ ಅರ್ಥ ಹುಟ್ಟುತ್ತದೆ. ಕಲಾವಿದರು ಬೇಕೆಂದೇ ಹಾಗೆ ಮಾಡಿದ್ದಾರೆ. ನಮ್ಮ ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರೂ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನು ಬಿಟ್ಟು, ಹಾಡು ಮತ್ತು ಕುಣಿತದಿಂದಲೇ ಕಥೆ ಹೇಳಿಸಿದ್ದು ನೆನಪಾಯಿತು.

ನನ್ನ ತಪ್ಪು

ಇನ್ನೊಂದು ವಿಷಯವೂ ನೆನಪಾಯಿತು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದಾಗ ಜನ ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಗಂಜಿ ಕೇಂದ್ರಗಳಿಗೆ ಬಂದರು. ಮಳೆಯಲ್ಲಿ ಗಂಟುಮೂಟೆ ಹೊತ್ತು ಬರುವವರ ವೀಡಿಯೊ ನನ್ನ ಮೊಬೈಲಿಗೂ ಬಂತು. ನಾನು ಅದರ ಧ್ವನಿ ತೆಗೆದು, ಒಂದು ಸಿನಿಮಾ ಹಾಡು ಹಾಕಿ ಸ್ಟೇಟಸ್‌ನಲ್ಲಿಟ್ಟೆ. ತುಂಬ ಜನ 'ಸೂಪರ್' ಎಂದರು. ಆ ಕಡೆಯ ಸಹಪಾಠಿಯೊಬ್ಬ ಮಾತ್ರ, "ಅದರಲ್ಲಿ ನನ್ನ ಅಜ್ಜಿ ಅಳುವುದು ಕೇಳಿಸುತ್ತಿತ್ತು. ನೀನು ಯಾಕೆ ತೆಗೆದೆ?" ಎಂದು ಕೇಳಿದ. ನಾನು ಸ್ಟೇಟಸ್ ಅಳಿಸಿದೆ, ಉತ್ತರ ಕೊಡಲಿಲ್ಲ. ಒಳ್ಳೆಯದಕ್ಕೇ ಮಾಡಿದ್ದೇನಲ್ಲ, ಇವನಿಗೇಕೆ ಸಿಟ್ಟು ಎಂದು ಒಳಗೊಳಗೆ ಅನಿಸಿತ್ತು.

ಕೊಚ್ಚಿಯಲ್ಲಿ ಕಿವಿ ಮುಚ್ಚಿಕೊಂಡು ನಿಂತಾಗ ಅವನ ಪ್ರಶ್ನೆ ಅರ್ಥವಾಯಿತು. ಕೆಂಟ್ರಿಡ್ಜ್ ಅವರ ಪರದೆಯ ಮೇಲೆ ನಡೆದವರು ಪಾತ್ರ ಮಾಡಲು ಒಪ್ಪಿ ಬಂದವರು. ನನ್ನ ಸ್ಟೇಟಸ್‌ನಲ್ಲಿದ್ದ ಅಜ್ಜಿಯನ್ನು ನಾನು ಕೇಳಿಯೇ ಇರಲಿಲ್ಲ.

ಊರಿಗೆ ಬಂದ ಮೇಲೆ ಅವನ ಬಳಿ ಹೋಗಿ ಕ್ಷಮೆ ಕೇಳಿದೆ. ನಮ್ಮೆಲ್ಲರ ಕೈಯಲ್ಲೂ ಈಗ ಕ್ಯಾಮೆರಾ ಇದೆ, ಹಾಡು ಜೋಡಿಸುವ ಆ್ಯಪ್ ಇದೆ. ಬೇರೆಯವರ ಕಷ್ಟದ ವೀಡಿಯೊ ಕೈಗೆ ಬಂದರೆ ಮೊದಲು ಅದರದ್ದೇ ಧ್ವನಿಯನ್ನು ಕೊನೆಯವರೆಗೆ ಕೇಳೋಣ. ಕೇಳಿದ ಮೇಲೆ ಅದಕ್ಕೆ ಹಾಡು ಹಾಕಬೇಕು ಎಂದು ಅನಿಸುವುದಿಲ್ಲ.